ಮಿಷನ್ ನಿಲ್ಲಿಸಿದ ವಾರ

ಸೋಮವಾರ, 4
ಮೂರು ಯೂನಿಫಾರಂ ಹೊಲಿಯುವುದು ಬಾಕಿ. ಒಂಬತ್ತಕ್ಕೆ ಮಿಷನ್ ಮುಂದೆ ಕೂತೆ. ಮಗಳು ಗುಬ್ಬಿ ಎಂದಿನಂತೆ ಕೆಳಗೆ, ಮಿಷನ್ನಿನ ಕಬ್ಬಿಣದ ಕಾಲಿಗೆ ಕೆನ್ನೆ ಒತ್ತಿಕೊಂಡು. ಅವಳಿಗೆ ನಾಲ್ಕು ವರ್ಷ ತುಂಬಿತು. ಇನ್ನೂ ‘ಅಮ್ಮ’ ಅಂದಿಲ್ಲ.

ಮಧ್ಯಾಹ್ನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅದಕ್ಕೊಂದು ಹೆಸರು ಹೇಳಿದರು—ಆಟಿಸಂ. ಕಾಯಿಲೆಯಲ್ಲವಂತೆ. ಮೆದುಳು ಬೆಳೆಯುವ ರೀತಿಯೇ ಬೇರೆಯಂತೆ, ಹುಟ್ಟುವ ಮುಂಚಿನಿಂದಲೇ.

“ನಾನೇನು ತಪ್ಪು ಮಾಡ್ದೆ ಮೇಡಂ?”

“ಏನೂ ಇಲ್ಲಮ್ಮ. ಈ ಫಾರಂ ತುಂಬಿ ಮುಂದಿನ ಸೋಮವಾರ ತನ್ನಿ. ಅವಳಿಗೆ ಹೇಗೆ ಕಲಿಸ್ಬೇಕು ಅಂತ ನೋಡೋಣ.”

ಬೇರೆ ಅಂದರೆ ಹೇಗೆ ಬೇರೆ? ಬಟ್ಟೆಯಾಗಿದ್ದರೆ ಬಿಚ್ಚಿ ಹೊಲಿಯುತ್ತಿದ್ದೆ. ತಲೆ ಬುಡ ಅರ್ಥವಾಗಲಿಲ್ಲ.

ಮಂಗಳವಾರ, 5
ಅತ್ತೆಗೆ ಹೇಳಿದೆ.

“ಬಸುರಿಯಾಗಿದ್ದಾಗ್ಲೂ ಬಿಡದೆ ಮಿಷನ್ ಗಡಗಡ ತುಳಿದ್ಯಲ್ಲ. ಕಿವಿ ತುಂಬಾ ಅದೇ ಸದ್ದು. ಮಗು ಮಾತು ಎಲ್ಲಿಂದ ಕಲೀಬೇಕು?”

ಡಾಕ್ಟರು ಹಾಗೆ ಹೇಳಲಿಲ್ಲ ಅಂದೆ. ಆದರೂ ಎಂಟನೇ ತಿಂಗಳವರೆಗೂ ತುಳಿದದ್ದು ನಿಜ.

ಮಿಷನ್‌ಗೆ ಬೆಡ್‌ಶೀಟ್ ಹೊದಿಸಿ ಹಗ್ಗ ಬಿಗಿದೆ. ಗಿರಾಕಿಗಳಿಗೆ ವಾರ ರಜೆ ಅಂದೆ.

ಬುಧವಾರ, 6. ಬೆಳಿಗ್ಗೆ 9.20
ಗುಬ್ಬಿ ಅಳುತ್ತಿದ್ದಾಳೆ. ಸರಿಯಾಗಿ ಒಂಬತ್ತಕ್ಕೆ ಶುರು. ಹಾಲು ಬೇಡ, ಗೊಂಬೆ ಬೇಡ. ಮಿಷನ್ನಿನ ಕಾಲಿಗೆ ಹಣೆ ಚಚ್ಚಿಕೊಳ್ಳುತ್ತಾಳೆ. ಕೆಟ್ಟ ಸದ್ದು ನಿಂತಿತಲ್ಲ, ಈಗೇಕೆ...

ಶನಿವಾರ, 9
ಬರೆಯಲಾಗಲಿಲ್ಲ. ಅವಳ ಹಣೆ ಊದಿದೆ. ನಿನ್ನೆ ಒಂದೇಟು ಹಾಕಿಬಿಟ್ಟೆ. ನನ್ನ ಕೈ ಸೇದಿಹೋಗಬಾರದೇ.

“ನಾನೇನೋ ಬಾಯಿಗೆ ಬಂದದ್ದು ಅಂದೆ ಕಣೇ,” ಅಂದರು ಅತ್ತೆ, ನನ್ನ ಮುಖ ನೋಡದೆ.

ಭಾನುವಾರ, 10. ಬೆಳಿಗ್ಗೆ 9.40
ನಾಳೆ ಫಾರಂ ಕೊಡಬೇಕು. ‘ಮಗು ತನಗೆ ಬೇಕಾದದ್ದನ್ನು ತಿಳಿಸುತ್ತದೆಯೇ?’ ‘ಇಲ್ಲ’ಕ್ಕೆ ಟಿಕ್ ಹಾಕುತ್ತಿದ್ದೆ. ಗುಬ್ಬಿ ಬಂದು ನನ್ನ ಕೈ ಹಿಡಿದಳು. ಮುಖ ನೋಡಲಿಲ್ಲ. ಎಳೆದೊಯ್ದು ಹಗ್ಗದ ಗಂಟಿನ ಮೇಲಿಟ್ಟಳು. ಬಿಚ್ಚಿದೆ. ಮತ್ತೆ ಅದೇ ಕೈಯನ್ನು ಚಕ್ರದ ಮೇಲಿಟ್ಟಳು. ತಾನು ಕೆಳಗೆ ತೂರಿ ಕೆನ್ನೆ ಒತ್ತಿದಳು. ಬಟ್ಟೆಯಿಲ್ಲದೆ ಸುಮ್ಮನೆ ತುಳಿದೆ. ಐದು ದಿನದ ಅಳು ನಿಂತಿತು.

ಹೀಗೇ ಎಷ್ಟು ಸಲ ನನ್ನನ್ನು ತಿಂಡಿ ಡಬ್ಬಿಯ ಹತ್ತಿರ, ನಲ್ಲಿಯ ಹತ್ತಿರ ಒಯ್ದಿದ್ದಾಳೆ. ಹಠ ಅಂದುಕೊಂಡಿದ್ದೆ. ಇದು ತಿಳಿಸಿದ ಹಾಗೋ, ಅಲ್ಲವೋ? ‘ಇಲ್ಲ’ವನ್ನು ಹೊಡೆದುಹಾಕಿದೆ. ‘ಹೌದು’ ಅನ್ನಲೂ ಧೈರ್ಯವಿಲ್ಲ. ಪಕ್ಕದಲ್ಲಿ ಜಾಗವಿದೆ, ಅಲ್ಲಿ ಬರೆಯುತ್ತೇನೆ—ಬಾಯಲ್ಲಿ ಹೇಳುವುದಿಲ್ಲ, ನನ್ನ ಕೈ ಹಿಡಿದು...

ಬರೆಯಲೆಂದು ತುಳಿಯುವುದು ನಿಲ್ಲಿಸಿದೆ, ಅದಕ್ಕೇ ಎದ್ದು ಬಂದಳು. ತಾಳೇ ಗುಬ್ಬಿ. ಈಗ ಪೆನ್ನು ಹಿಡಿದ ಕೈಯನ್ನೇ ಎಳೆಯುತ್ತಿ—