ಕೊಕ್ಕರೆಯ ಬಲಗಾಲಿನ ಶೂ

ಭಾನುವಾರ, ಫೈನಲ್‌ನ ಮರುದಿನ
ಅಂಗಡಿಯಿಂದ

ಅತ್ತಿಗೆಯವರಿಗೆ,

ಮೊದಲು ‘ಪ್ರೀತಿಯ’ ಎಂದು ಬರೆದು, ಆಮೇಲೆ ಆ ಹಾಳೆಯನ್ನೇ ಹರಿದು ಹಾಕಿ ಹೊಸದು ತೆಗೆದುಕೊಂಡೆ. ಎಂಟು ತಿಂಗಳಿಂದ ನಿಮ್ಮ ಮನೆಯ ಮೆಟ್ಟಿಲು ಹತ್ತಿಲ್ಲ, ಫೋನು ಎತ್ತಿಲ್ಲ. ಇವತ್ತು ಅಣ್ಣ ಚಪ್ಪಲಿಯ ಉಂಗುಷ್ಟ ಹಾಕಿಸಲು ಬರುತ್ತಾನಂತೆ. ಅವನ ಕೈಯಲ್ಲೇ ಇದನ್ನು ಕಳಿಸುತ್ತೇನೆ. ಪಾಪ, ಒಡೆದು ಓದುವ ಜನ ಅಲ್ಲ ಅವನು.

ನಿನ್ನೆ ಬ್ಯಾಸ್ಕೆಟ್‌ಬಾಲ್ ಫೈನಲ್ ಮುಗಿದ ಮೇಲೆ ನೀವು ಅಂಕದ ಪುಸ್ತಕ ಮುಚ್ಚಿ, ಪೆನ್ನಿಗೆ ಮುಚ್ಚಳ ಹಾಕಿ, ಮತ್ತೆ ತೆಗೆದು, ಮತ್ತೆ ಹಾಕಿದ್ದನ್ನು ಮೇಲಿನ ಸಾಲಿನಿಂದ ನೋಡುತ್ತಿದ್ದೆ. ನಮ್ಮ ಗಿರಣಿ ತಂಡ ಅರವತ್ತೊಂದು, ನಿಮ್ಮ ಬಂದರು ತಂಡ ಐವತ್ತನಾಲ್ಕು. ನಿಮ್ಮ ಕಣ್ಮಣಿ, ಆ ಉದ್ದ ಕಾಲಿನ ಹುಡುಗಿ ಕೊಕ್ಕರೆ, ಹಾಕಿದ್ದು ನಾಲ್ಕೇ ನಾಲ್ಕು ಅಂಕ. ಅದನ್ನು ನೀವೇ, ನಿಮ್ಮ ಆ ಮುತ್ತಿನಂಥ ಅಕ್ಷರದಲ್ಲಿ, ಬರೆಯಬೇಕಾಯಿತು. ನಿಜ ಹೇಳುತ್ತೇನೆ, ನನ್ನ ಹೊಟ್ಟೆ ತಣ್ಣಗಾಯಿತು.

ನೆನಪಿದೆಯಲ್ಲ, ನಮ್ಮ ಭಾನುವಾರಗಳು? ಊಟದ ತಟ್ಟೆ ಒಣಗುತ್ತಿದ್ದರೂ ನಾವಿಬ್ಬರೂ ಏಳುತ್ತಿರಲಿಲ್ಲ. ಬಂದರಿನ ಕಚೇರಿಯಲ್ಲಿ ವಾರವೆಲ್ಲ ಹಡಗಿನ ಪೆಟ್ಟಿಗೆ ಎಣಿಸಿ, ಸಂಜೆ ತಂಡದ ಅಂಕ ಎಣಿಸುವವರು ನೀವು. ನಿಮಗೆ ಅಂಕಿ ಸಿಕ್ಕರೆ ಸಾಕು. ಕೊಕ್ಕರೆಗೆ ಹತ್ತೊಂಬತ್ತು ವರ್ಷ, ಆರಡಿ ಎತ್ತರ, ಒಂದು ಆಟಕ್ಕೆ ಸರಾಸರಿ ಇಪ್ಪತ್ತೆರಡು ಅಂಕ. “ನಿಮ್ಮ ಗುಬ್ಬಿದು ಎಷ್ಟು? ಹನ್ನೊಂದು. ಅರ್ಧಕ್ಕರ್ಧ! ಅದೂ ಐದಡಿ ಎರಡಂಗುಲ, ಬೆಳೆದು ಮುಗಿದಾಯ್ತು,” ಅನ್ನುತ್ತಿದ್ದಿರಿ. ನಾನು ಬಿಡುತ್ತಿದ್ದೆನೇ? “ತಕ್ಕಡಿ ನೋಡಿ ಸಾರಿನ ರುಚಿ ಹೇಳೋರು ನೀವು. ಗುಬ್ಬಿ ಎದುರಾಳಿ ಕೈಯಿಂದ ಚೆಂಡು ಕಿತ್ತು ಕೊಡ್ದಿದ್ರೆ ಉಳಿದ ನಾಲ್ವರು ಏನು ಗಾಳಿ ಎಸೀತಾರಾ?” ಅನ್ನುತ್ತಿದ್ದೆ. ನಿಮ್ಮ ಹುಡುಗಿಗೆ ಎಡಗೈಯಿದೆ ಅನ್ನುವುದೇ ಮರೆತುಹೋಗಿದೆ ಎಂದು ನಾನು, ನಿಮ್ಮ ಹುಡುಗಿಯನ್ನು ಹುಡುಕಲು ಭೂತಗನ್ನಡಿ ಬೇಕೆಂದು ನೀವು. ಅಣ್ಣ ಪೇಪರ್ ಅಡ್ಡ ಹಿಡಿದು, ಹತ್ತು ನಿಮಿಷ ಒಂದೇ ಪುಟ ಓದುತ್ತಿದ್ದ. ವಾರದಲ್ಲಿ ನಾನು ಬಾಯಿತುಂಬ ಮಾತಾಡುತ್ತಿದ್ದುದು ಅದೊಂದೇ ಮಧ್ಯಾಹ್ನ. ಮಿಕ್ಕ ಆರು ದಿನ ಹೊಲಿಗೆಯ ದಬ್ಬಣದ ಜೊತೆ.

ಆ ಖುಷಿಯಲ್ಲೇ ನನ್ನ ನಾಲಿಗೆ ಜಾರಿತು. ನೀವು ಆ ದಿನ ಗುಬ್ಬಿಯನ್ನು ಬಾಯಿಗೆ ಬಂದಂತೆ ಆಡಿಕೊಂಡಿರಿ, ನನಗೆ ತಡೆಯಲಾಗಲಿಲ್ಲ. ಅವಳ ಎಡಗಾಲು ಅರ್ಧ ಅಂಗುಲ ಗಿಡ್ಡ, ಶೂ ಒಳಗೆ ನಾನೇ ಕಾರ್ಕ್ ಹಾಳೆ ಕೊರೆದು ಇಟ್ಟಿದ್ದೇನೆ, ಅಂಥ ಕಾಲಲ್ಲೂ ನಿಮ್ಮವರನ್ನೆಲ್ಲ ಕುಣಿಸುತ್ತಾಳೆ ಎಂದು ಜಂಬ ಕೊಚ್ಚಿಕೊಂಡೆ. ಆ ವಿಷಯ ಗೊತ್ತಿದ್ದವರು ಮೂರೇ ಜನ: ಅವಳು, ಅವಳ ಅಮ್ಮ, ನಾನು. ನೀವು ಚಹಾ ತರಲು ಎದ್ದವರು ಬಾಗಿಲಲ್ಲಿ ನಿಂತು, “ಎಡಗಾಲೇನಾ?” ಎಂದು ಎಷ್ಟು ನಯವಾಗಿ ಕೇಳಿದಿರಿ! ನಾನು ಪೆದ್ದಿ, ಹೂಂ ಅಂದೆ.

ಅದಾಗಿ ಒಂಬತ್ತು ದಿನಕ್ಕೆ ಹೋದ ಸಲದ ಟೂರ್ನಿಯ ಸೆಮಿಫೈನಲ್. ನಿಮ್ಮ ತಂಡದವರು ಗುಬ್ಬಿಯನ್ನು ಬಲಕ್ಕೆ ಹೋಗಲು ಬಿಡಲೇ ಇಲ್ಲ. ನಿಮ್ಮ ಕೋಚ್ ಗೆರೆಯ ಹೊರಗೆ ನಿಂತು, “ಎಡಕ್ಕೆ ತಿರುಗ್ಸಿ, ಎಡಕ್ಕೆ!” ಎಂದು ಗಂಟಲು ಹರಿದುಕೊಂಡರು. ಮೂರನೆಯ ಕ್ವಾರ್ಟರಿನಲ್ಲಿ ಅವಳು ಎಡಗಾಲ ಮೇಲೆ ಗಿರಕಿ ಹೊಡೆಯಹೋಗಿ, ಪಾದ ಮಡಚಿಕೊಂಡು ಬಿದ್ದಳು. ಬಿದ್ದವಳು ರೆಫರಿಯನ್ನು ನೋಡಲಿಲ್ಲ, ಡಾಕ್ಟರನ್ನು ನೋಡಲಿಲ್ಲ. ಕತ್ತೆತ್ತಿ ನನ್ನನ್ನು ನೋಡಿದಳು. ಅತ್ತಿಗೆ, ಆ ನೋಟ ನಿಮ್ಮ ಪುಸ್ತಕದ ಯಾವ ಕಾಲಮ್ಮಿನಲ್ಲೂ ಇಲ್ಲ.

ಅಷ್ಟಕ್ಕೇ ಬಿಟ್ಟಿದ್ದರೆ ನಾನೂ ಬಿಡುತ್ತಿದ್ದೆನೇನೋ. ಪ್ಲಾಸ್ಟರ್ ಹಾಕಿಕೊಂಡ ಹುಡುಗಿ ಮೈದಾನದ ಗೇಟಿನ ಹತ್ತಿರ ನಿಮ್ಮನ್ನು ತಡೆದು, ಯಾರು ಹೇಳಿದ್ದು ಎಂದು ಕೇಳಿದಳಂತೆ. ನೀವು ಏನಂದಿರಿ? “ನಮ್ಮ ನಾದಿನಿ ಪ್ರತಿ ಭಾನುವಾರ ನಿನ್ನ ವಿಷಯಾನೇ ಮಾತಾಡೋದು ಕಣಮ್ಮಾ.” ಒಂದು ಅಕ್ಷರವೂ ಸುಳ್ಳಲ್ಲ. ಮಾರನೆಯ ದಿನ ಅವಳ ಅಮ್ಮ ಅಂಗಡಿಗೆ ಬಂದರು. ಗೋಡೆಯ ಮೊಳೆಗೆ ಸಿಕ್ಕಿಸಿದ್ದ ಗುಬ್ಬಿಯ ಪಾದದ ಅಳತೆಯನ್ನು, ನಾನೇ ನೀಲಿ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದ ಕಾಗದವನ್ನು, ಕಿತ್ತು ಮಡಚಿ ಚೀಲಕ್ಕೆ ಹಾಕಿಕೊಂಡರು. ನಾನು ತಂಡದವರಿಗೆ ಹೇಳಿಲ್ಲ, ಅತ್ತಿಗೆಗೆ ಮಾತ್ರ ಹೇಳಿದ್ದು ಎಂದೆ. ಅವರು ತಿರುಗಿಯೂ ನೋಡಲಿಲ್ಲ. ಆ ಖಾಲಿ ಮೊಳೆಯನ್ನು ನೋಡಿಕೊಂಡೇ ಎಂಟು ತಿಂಗಳು ಹಲ್ಲು ಕಚ್ಚಿದ್ದೇನೆ.

ಈಗ ನಿಮಗೆ ಗೊತ್ತಿಲ್ಲದ್ದು ಕೇಳಿ. ಮೂರು ವಾರದ ಹಿಂದೆ ಕೊಕ್ಕರೆ ನನ್ನ ಅಂಗಡಿಗೆ ಬಂದಿದ್ದಳು. ಅವಳ ಶೂವಿನ ತಳದ ಅಟ್ಟೆ ಬಾಯಿಬಿಟ್ಟಿತ್ತು. “ನೀವು ಗಿರಣಿ ಕಡೆಯೋರು ಅಂತ ಗೊತ್ತಕ್ಕಾ. ಆದ್ರೆ ನಿಮ್ಮಷ್ಟು ಚೆನ್ನಾಗಿ ಯಾರೂ ಅಂಟ್ಸಲ್ವಂತೆ,” ಎಂದು ನಾಚಿಕೊಂಡು, ಶೂ ಬಿಟ್ಟು, ಹವಾಯಿ ಚಪ್ಪಲಿಯಲ್ಲಿ ಹೋದಳು. ಒಳ್ಳೆಯ ಹುಡುಗಿ. ಅದನ್ನು ಬರೆಯಬೇಕಾಗಿರಲಿಲ್ಲ, ಬರೆದುಬಿಟ್ಟೆ.

ಅಟ್ಟೆ ತಿರುವಿ ನೋಡಿದೆ. ಬಲಗಾಲಿನ ಶೂವಿನ ತುದಿ, ಹೆಬ್ಬೆರಳಿನ ಒಳಬದಿಯಲ್ಲಿ, ಕಾಸಿನಷ್ಟಗಲ ಸವೆದು ಹಳ್ಳ ಬಿದ್ದಿತ್ತು. ಓಡಿ ಸವೆಯುವ ಜಾಗವಲ್ಲ ಅದು, ನಿಂತಲ್ಲೇ ಉಜ್ಜಿದರೆ ಮಾತ್ರ ಸವೆಯುವ ಜಾಗ. ಆ ವಾರ ನಿಮ್ಮ ಆಟಕ್ಕೆ ಬಂದು, ಚೆಂಡನ್ನು ನೋಡದೆ ಅವಳ ಬಲಗಾಲನ್ನೇ ನೋಡುತ್ತ ಕುಳಿತೆ. ಬುಟ್ಟಿಗೆ ಎಸೆಯುವ ಮುಂಚೆ ಪ್ರತಿ ಸಲವೂ ಬಲಗಾಲಿನ ತುದಿಯನ್ನು ಒಂದು ಚೂರು ಹಿಂದಕ್ಕೆ ಎಳೆಯುತ್ತಾಳೆ. ಬೇರೆಯವರಿಗೆ ಪಾಸ್ ಕೊಡುವಾಗ ಎಳೆಯುವುದಿಲ್ಲ. ಇಪ್ಪತ್ತೆರಡು ಸರಾಸರಿ ಬರೆದ ನಿಮ್ಮ ಕಣ್ಣಿಗೆ ಅದು ಬಿದ್ದಿರಲಿಲ್ಲ. ಅವಳಿಗೇ ಗೊತ್ತಿರಲಿಲ್ಲ ಅನ್ನಿ.

ಶೂ ಮಾತ್ರ ಸರಿಯಾಗಿಯೇ ಮಾಡಿದೆ. ಹೊಸ ಅಂಟು, ಎರಡು ಕೈ ಬಳಿದು, ರಬ್ಬರ್ ಪಟ್ಟಿ ಬಿಗಿದು, ಇಡೀ ದಿನ ಭಾರ ಹೇರಿಟ್ಟೆ. ಸೆಕೆಗೆ ಬಿಟ್ಟುಕೊಳ್ಳುವ ಹಳೆಯ ಅಂಟಿನ ಡಬ್ಬಿ ಪಕ್ಕದಲ್ಲೇ ಇತ್ತು, ಕಣ್ಣೂ ಹೋಯಿತು, ಕೈ ಹೋಗಲಿಲ್ಲ. ಕಾಲು ಮುರಿಸುವುದು ನಿಮ್ಮ ದಾರಿ.

ಅದೇ ವಾರ ಗುಬ್ಬಿ ಬಂದಳು. ಬೇರೆ ಅಂಗಡಿಯಲ್ಲಿ ಹಾಕಿಸಿದ್ದ ಪ್ಲಾಸ್ಟಿಕ್ ಹಾಳೆ ಅವಳ ಹಿಮ್ಮಡಿಯಲ್ಲಿ ಬೊಬ್ಬೆ ಎಬ್ಬಿಸಿತ್ತು. ಹೊಸ್ತಿಲಾಚೆಯೇ ನಿಂತಿದ್ದಳು. ಕ್ಷಮಿಸು ಅನ್ನಲು ಬಾಯಿ ಬರಲಿಲ್ಲ. “ಕೊಕ್ಕರೆ ಬಲಗಾಲು ನೋಡ್ತಿರು,” ಅಂದೆ, ಎಲ್ಲ ಹೇಳಿದೆ. ಅವಳು ಒಳಗೆ ಬಂದು, ಶೂ ಬಿಚ್ಚಿ ಕಟ್ಟೆಯ ಮೇಲಿಟ್ಟು, ಮೊದಲಿನ ಹಾಗೆ ಬಿಟ್ಟು ಹೋದಳು. ಅವತ್ತು ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

ಮಿಕ್ಕದ್ದು ನಿನ್ನೆ ನೀವೇ ನೋಡಿದಿರಿ. ಕೊಕ್ಕರೆ ಕಾಲ ತುದಿ ಎಳೆದರೆ ಗುಬ್ಬಿ ಮೈಮೇಲೆ ಬೀಳುತ್ತಿದ್ದಳು, ಎಳೆಯದಿದ್ದರೆ ಪಾಸ್ ಹೋಗುವ ದಾರಿಯಲ್ಲಿ ಕೈ ಇಟ್ಟಿರುತ್ತಿದ್ದಳು. ಒಂಬತ್ತು ಸಲ ಚೆಂಡು ಕಿತ್ತಳು, ಅತ್ತಿಗೆ, ಒಂಬತ್ತು! ಪ್ರತಿ ಸಲವೂ ನಿಮ್ಮ ಮುಖ ನೋಡಿದೆ. ಎಂಟು ತಿಂಗಳ ಉರಿ ಒಂದೊಂದೇ ಚಮಚ ಇಳಿಯಿತು.

ಇಲ್ಲಿಗೆ ಮುಗಿಸಬೇಕಿತ್ತು. ಇವತ್ತು ಬೆಳಿಗ್ಗೆ ಅಂಗಡಿ ತೆಗೆಯುವಾಗಲೇ ಗುಬ್ಬಿ ಬಂದಿದ್ದಳು. ಕಾರ್ಕ್ ಸ್ವಲ್ಪ ತಗ್ಗಿದೆ, ಸರಿಮಾಡಿ ಅಂದಳು. ಸಂಜೆ ಬಾ ಎಂದು ಶೂಗೆ ಕೈ ಚಾಚಿದೆ. “ಬೇಡಕ್ಕಾ, ಇಲ್ಲೇ ಕೂತಿರ್ತೀನಿ. ಈಗ್ಲೇ ಮಾಡ್ಕೊಡಿ,” ಎಂದು ಸ್ಟೂಲು ಎಳೆದುಕೊಂಡಳು. ಒಂದೂವರೆ ಗಂಟೆ ನನ್ನ ಕೈಯನ್ನೇ ನೋಡುತ್ತ ಕುಳಿತಳು. ಪಾದದ ಅಳತೆ ಇನ್ನೊಂದು ತೆಗೆದಿಟ್ಟುಕೊಳ್ಳಲೇ ಎಂದು ಮೊಳೆ ತೋರಿಸಿ ಕೇಳಿದೆ. ಬೇಡ ಅಂದಳು. ಹೋಗುವಾಗ ನಗುತ್ತಲೇ, “ಕೊಕ್ಕರೆ ಶೂನೂ ಇಲ್ಲೇ ಇಟ್ಟಿತ್ತಲ್ವಾ ಅಕ್ಕಾ?” ಎಂದಳು.

ಇದನ್ನು ಇನ್ನು ಯಾರ ಹತ್ತಿರ ಹೇಳಿಕೊಳ್ಳಲಿ? ಗುಬ್ಬಿಯ ಮಾತು ಬಂದರೆ ಎದುರು ವಾದಿಸಲಿಕ್ಕಾದರೂ ಕೇಳಿಸಿಕೊಳ್ಳುತ್ತಿದ್ದವರು ನೀವೊಬ್ಬರೇ. ಅದನ್ನೂ ನೀವೇ ಹಾಳು ಮಾಡಿದಿರಿ. ಅದಕ್ಕೇ ನಿಮ್ಮ ಮೇಲಿನ ಸಿಟ್ಟು ನಿನ್ನೆಗೆ ಮುಗಿದಿಲ್ಲ.

ಗೆದ್ದ ತಂಡದ ಕಡೆಯವಳು,
ನಿಮಗಿರುವ ಒಬ್ಬಳೇ ನಾದಿನಿ

ತಾ.ಕ.: ಗುಬ್ಬಿ ಹೋದ ಸ್ವಲ್ಪ ಹೊತ್ತಿಗೆ ಕೊಕ್ಕರೆಯೂ ಬಂದಿದ್ದಳು, ಅತ್ತು ಕಣ್ಣು ಊದಿಸಿಕೊಂಡು. ಗುಬ್ಬಿ ಆಟವಿಡೀ ತನ್ನ ಬಲಗಾಲನ್ನೇ ನೋಡುತ್ತಿದ್ದಳು, ಆ ಗುಟ್ಟು ಅವಳಿಗೆ ಯಾರು ಹೇಳಿದ್ದು ಎಂದು ಕೇಳಿದಳು. “ನಮ್ಮ ಅತ್ತಿಗೆ ಪ್ರತಿ ಭಾನುವಾರ ನಿನ್ನ ವಿಷಯಾನೇ ಮಾತಾಡೋದು ಕಣಮ್ಮಾ,” ಎಂದೆ. ಒಂದು ಅಕ್ಷರವೂ ಸುಳ್ಳಲ್ಲ. ನಿಮ್ಮ ಮನೆಯ ವಿಳಾಸ ಕೇಳಿದಳು, ಚೀಟಿಯಲ್ಲಿ ಬರೆದುಕೊಟ್ಟೆ. ನೀವಲ್ಲ ಎಂದು ಹೇಳಿ ನೋಡಿ. ನಾನೂ ಹೇಳಿ ನೋಡಿದ್ದೆ.