ಬಂಡೆಯ ಕೆಳಗಿನ ಬಡಿತ

ಹುಣ್ಣಿಮೆಯ ಮರುದಿನ, ಬೆಳಿಗ್ಗೆ

ಒಂದು ಕಾಲದ ಸಂಗಾತಿಗೆ, ಈಗಲೂ ನನ್ನ ಮಗಳ ಅಪ್ಪನಾದವನಿಗೆ,

ಕ್ಷೇಮ ಕೇಳಲು ಬರೆಯುತ್ತಿಲ್ಲ. ಬಾಡಿಗೆ ಕೋಣೆಯಲ್ಲೂ ಅಡುಗೆ ತಳ ಹಿಡಿಸುವುದನ್ನು ನೀನು ಬಿಟ್ಟಿಲ್ಲವೆಂದು ಮಗಳು ಹೇಳಿದಳು. ನಾಳೆ ಮೀನುಗಾರರ ಸಂಘದ ಸಭೆಯಲ್ಲಿ ನನ್ನ ಹೊಸ ಸಲಹೆಗೆ ಏನು ಕೂಗುತ್ತೀಯೆಂಬುದೂ ಗೊತ್ತು. "ಚಿಕ್ಕದನ್ನೂ ಬಿಡು, ದೊಡ್ಡದನ್ನೂ ಬಿಡು ಅಂದ್ರೆ ನಾವೇನು ಗಾಳಿ ತಿನ್ಬೇಕಾ?" ಮೊನ್ನೆ ನೀನು ಹೀಗಂದಾಗ ದೋಣಿಕಟ್ಟೆಯಲ್ಲಿ ಎಲ್ಲರೂ ನಕ್ಕರಂತೆ. ನನಗೂ ನಗು ಬಂತು. ಆಮೇಲೆ ನೀರಿಗಿಳಿದೆ.

ಈಗಿರುವ ನಿಯಮ ನಾವೇ ತಂದದ್ದು. ಹವಳದ ದಿಬ್ಬದಲ್ಲಿ ಬಂಡೆಮೀನು ಬರಿದಾಗುತ್ತಿದೆಯೆಂದು ಮೀನುಗಾರಿಕೆ ಕಚೇರಿಯ ಗೇಟಿನ ಮುಂದೆ ಬಿಸಿಲಲ್ಲಿ ಕೂತವರು ನಾವು. "ಮರಿ ಬಿಡಿ, ದೊಡ್ಡದು ಹಿಡಿಯಿರಿ" ಎಂಬ ಘೋಷಣೆ ಕಟ್ಟಿದವನು ನೀನು, ಗಂಟಲು ಹರಿದದ್ದು ನನ್ನದು. ಮೊಳಕ್ಕಿಂತ ಚಿಕ್ಕದನ್ನು ಹಿಡಿಯಬಾರದೆಂದು ಸಾಹೇಬರು ಸಹಿ ಹಾಕಿದರು. ಮಗಳನ್ನು ಹೆಗಲೇರಿಸಿಕೊಂಡು ಕುಣಿದೆ ನೀನು. ತಟ್ಟೆ ತುಂಬುವ ಮೀನೇ ಬೇಕೆನ್ನುವ ಹೋಟೆಲಿನವರೂ ಚಪ್ಪಾಳೆ ತಟ್ಟಿದರು. ಇವರಿಗೇಕೆ ಇಷ್ಟು ಖುಷಿಯೆಂದು ಅಂದೇ ಕೇಳಬೇಕಿತ್ತು.

ನಾನು ಕಚೇರಿಗಾಗಿ ಮುಳುಗಿ ಮೀನೆಣಿಸುವ ಕೆಲಸಕ್ಕೆ ಸೇರಿದಾಗ ನೀನು "ಸರ್ಕಾರದ ಉಪ್ಪು ತಿಂದವಳು" ಎಂದು ಮನೆ ಬಿಟ್ಟೆ. ಆ ಉಪ್ಪು ಕಲಿಸಿದ್ದು ಇಷ್ಟು: ಬಂಡೆಮೀನು ಹುಟ್ಟುವಾಗ ಎಲ್ಲವೂ ಹೆಣ್ಣು. ಬೆಳೆದು ಎಲ್ಲಕ್ಕಿಂತ ದೊಡ್ಡದಾದದ್ದು ಗಂಡಾಗುತ್ತದೆ. ನಾವು ದೊಡ್ಡದನ್ನೇ ಹಿಡಿಯಿರಿ ಎಂದೆವು. ಇದ್ದ ಗಂಡನ್ನೆಲ್ಲ ಕಾನೂನುಬದ್ಧವಾಗಿ ಕೊಂದೆವು.

ನಿನ್ನೆ ಸಂಜೆ, ಅವು ಹುಣ್ಣಿಮೆಗೆ ಮೊಟ್ಟೆಯಿಡಲು ಸೇರುವ ಗುಹೆಬಂಡೆಗೆ ಹೋದೆ. ಹೊಟ್ಟೆಯುಬ್ಬಿದ ಹೆಣ್ಣುಗಳು ಗುಹೆಯ ಕಡೆ ಮುಖಮಾಡಿ ನಿಂತಿದ್ದವು. ಈಜುತ್ತಿರಲಿಲ್ಲ. ನಡುವೆ ಹಾದುಹೋದರೂ ಒಂದೂ ಸರಿಯಲಿಲ್ಲ. ದೋಣಿ ಮರಳದ ದಿನ ದಂಡೆಯಲ್ಲಿ ನಿಲ್ಲುವ ಹೆಂಗಸರು ಪಕ್ಕದಲ್ಲಿ ಯಾರು ಓಡಾಡಿದರೂ ನೋಡುವುದಿಲ್ಲವಲ್ಲ, ಹಾಗೆ. ಮೊದಲೆಲ್ಲ ಆ ಗುಹೆಯಿಂದ ಗಂಡುಮೀನು ನಗಾರಿಯಂತೆ ಗುಮ್ಮೆನ್ನುತ್ತಿತ್ತು, ಹೆಣ್ಣುಗಳನ್ನು ಕರೆಯಲು. ನಮ್ಮ ನಿಯಮ ಬಂದಮೇಲೆ ಅಲ್ಲಿ ಸದ್ದಿಲ್ಲ. ಆದರೂ ಬರುತ್ತವೆ, ನಿಲ್ಲುತ್ತವೆ, ಹೊತ್ತ ಹೊಟ್ಟೆ ಹೊತ್ತುಕೊಂಡೇ ಹೋಗುತ್ತವೆ.

ಹಿಂತಿರುಗುವವಳಿದ್ದೆ. ಪಕ್ಕೆಲುಬಿಗೆ ಏನೋ ಬಡಿಯಿತು. ಡಬ್. ನನ್ನ ಗುಂಡಿಗೆಯೇ ಎಂದುಕೊಂಡು ಎದೆ ಮುಟ್ಟಿ ನೋಡಿಕೊಂಡೆ. ಗುಂಡಿಗೆ ಬೇರೆಯೇ ಲಯದಲ್ಲಿ ಓಡುತ್ತಿತ್ತು. ಮತ್ತೆ ಡಬ್. ಅಷ್ಟೂ ಮೀನು ಒಟ್ಟಿಗೆ ಮೈ ನಡುಗಿಸಿದವು. ಗುಹೆಯೊಳಗೆ ಟಾರ್ಚ್ ಬೆಳಕು ಬಿಟ್ಟೆ. ಒಂದು ದೊಡ್ಡ ಮೀನು. ಮುಖದ ಮೇಲೆ ಇನ್ನೂ ಹೆಣ್ಣಿನ ತಿಳಿಪಟ್ಟೆಗಳು, ಬೆನ್ನು ಆಗಲೇ ಗಂಡಿನಂತೆ ಕಪ್ಪು. ಅತ್ತಲೂ ಅಲ್ಲದ, ಇತ್ತಲೂ ಅಲ್ಲದ ಅದು ನನ್ನನ್ನೇ ನೋಡುತ್ತಿತ್ತು. ಎರಡು ಮೊಳ ದಾಟಿದೆ ಅದು. ಈಗಿನ ನಿಯಮದಲ್ಲಿ ನಾಳೆ ನಿಮ್ಮಲ್ಲಿ ಯಾರು ಎತ್ತಿದರೂ ತಪ್ಪಲ್ಲ.

ಆ ಬಂಡೆಯ ಮೇಲೆ ಬಂದಾಗ ನಿನ್ನ ದೋಣಿಯ ತಳಕ್ಕೂ ಏನೋ ಬಡಿಯುತ್ತದಂತೆ. ನೀನು ಇಂಜಿನ್ ಬಿಚ್ಚಿಸಿದೆ, ಅದರ ಪಂಖ ಬದಲಿಸಿದೆ, ಬಡಿತ ನಿಲ್ಲಲಿಲ್ಲ. "ಯಾರೋ ಬಾಗಿಲು ತಟ್ಟಿದ ಹಾಗಿತ್ತು ಮಗಳೇ" ಅಂದೆಯಂತೆ. ತಟ್ಟಿದ್ದು ಯಾರೆಂದು ಈಗ ತಿಳಿಯಿತಲ್ಲ.

ಮೊಳಕ್ಕಿಂತ ಚಿಕ್ಕದು ಬೇಡ, ಎರಡು ಮೊಳ ದಾಟಿದ್ದೂ ಬೇಡ, ನಡುವಿನದು ಹಿಡಿಯೋಣ. ಮೊಟ್ಟೆಯಿಡುವ ತಿಂಗಳುಗಳಲ್ಲಿ ಗುಹೆಬಂಡೆಗೆ ಗಾಳ ಇಳಿಸದಿರೋಣ. ಆ ತಿಂಗಳುಗಳ ಕೂಲಿ ಕಚೇರಿ ಕೊಡಲಿ. ಕೊಡದಿದ್ದರೆ ಅದೇ ಗೇಟು, ಅದೇ ಬಿಸಿಲು, ನಾನೂ ಬರುತ್ತೇನೆ, ಕೆಲಸ ಹೋದರೆ ಹೋಗಲಿ. ನೀನು ಕೈಯೆತ್ತಿದರೆ ಉಳಿದವರೂ ಎತ್ತುತ್ತಾರೆ. ಎತ್ತದಿದ್ದರೆ ಆ ಗುಹೆ ಮತ್ತೆ ಮೂಕ.

ಸಿಟ್ಟು ಇನ್ನೂ ಆರದ,
ನಿನ್ನ ಮಗಳ ಅಮ್ಮ

ಮರೆತ ವಿಷಯ: ಮರೆತಿದ್ದೆ ಎಂದು ಸುಳ್ಳು ಹೇಳಲಾರೆ, ಬೇಕೆಂದೇ ಕೊನೆಗಿಟ್ಟೆ. ಆ ಮೀನಿನ ತುಟಿಯಲ್ಲಿ ಗಾಳವಿದೆ. ಗಾಳದ ಕೊರಳಿಗೆ ಕೆಂಪು ದಾರದ ಸುತ್ತು. ಹಾಗೆ ಸುತ್ತುವವನು ಈ ದಂಡೆಯಲ್ಲಿ ನೀನೊಬ್ಬನೇ. ಮೀನು ಜಗ್ಗಿ ಹರಿದಿದ್ದರೆ ಗಾಳಕ್ಕೆ ಕಟ್ಟಿದ ದಾರದ ತುದಿ ಸುರುಟಿಕೊಂಡಿರುತ್ತಿತ್ತು. ಇದು ಚಾಕುವಿನಲ್ಲಿ ಕೊಯ್ದ ತುದಿ, ಉಳಿದ ದಾರ ಗೇಣುದ್ದವೂ ಇಲ್ಲ. ದೋಣಿಯ ಪಕ್ಕಕ್ಕೇ ತಂದು, ಮುಖ ನೋಡಿ, ದಾರ ಕೊಯ್ದು ಬಿಟ್ಟದ್ದು. ನಾನು ಯಾರಿಗೂ ಹೇಳಿಲ್ಲ. ಅಲ್ಲಿ ಒಬ್ಬನೇ ಇದ್ದಾಗ ಮಾಡಿದ್ದನ್ನು ನಾಳೆ ಎಲ್ಲರೆದುರು ಮಾಡು.