ಉಡಿ ಬಿಚ್ಚಿ ನೋಡದ ಊರಿನಿಂದ

ಇಸವಿ ೨೧೫೧, ಅಧಿಕಬೇಸಿಗೆ ಹನ್ನೊಂದು
ಗಾಳಿಗುಡ್ಡ ಪೇಟೆ

ನಮಗಿಂತ ನೂರಿಪ್ಪತ್ತೈದು ವರ್ಷ ಹಿಂದೆ ಇರುವ ಹಿರಿಯರಿಗೆ ನೀಲಗಂಗವ್ವನ ನಮಸ್ಕಾರ.

ಮೇಲಿನ ತಾರೀಕು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ಬಿಸಿಲು ಬೆಳೆದ ಮೇಲೆ ಚಳಿಗಾಲದ ದಿನಗಳನ್ನು ಕತ್ತರಿಸಿ ಮೇ ಮತ್ತು ಜೂನ್ ನಡುವೆ ಹೊಸದೊಂದು ತಿಂಗಳು ಮಾಡಿದ್ದಾರೆ. ನಾನು ಹೈಸ್ಕೂಲಿನವರೆಗೆ ಓದಿದವಳು. ದಿನಚರಿ ಬರೆದು ರೂಢಿ ಇದೆ, ಕಾಗದ ಬರೆದು ರೂಢಿ ಇಲ್ಲ. ನನ್ನ ಕೆಲವು ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು. ಅವು ನಿಮ್ಮ ಮಾತುಗಳಿಂದಲೇ ಹುಟ್ಟಿದವು.

ನಮ್ಮ ಪೇಟೆ ಇರುವುದು ಕಪ್ಪತಗುಡ್ಡದ ಕೆಳಗೆ. ನಿಮ್ಮ ಕಾಲದಲ್ಲಿ ನೆಟ್ಟ ಗಾಳಿಯಂತ್ರಗಳ ಮುರಿದ ರೆಕ್ಕೆಗಳನ್ನು ಅಕ್ಕಪಕ್ಕ ಜೋಡಿಸಿ ಆಟದ ಬಯಲಿಗೆ ಮಾಡು ಹಾಕಿದ್ದಾರೆ. ಅದಕ್ಕೆ ರೆಕ್ಕೆಚಪ್ಪರ ಎನ್ನುತ್ತೇವೆ. ಹೊಸ ಯಂತ್ರಗಳು ಗುಡ್ಡದ ಮೇಲಿವೆ. ಅವು ಕೊಡುವ ಕರೆಂಟೇ ನಮ್ಮ ದುಡ್ಡು; ಗಾಳಿಪಾಲು ಎಂದು ಅದರ ಹೆಸರು. ಅದನ್ನು ಕೊಟ್ಟು ಜೋಳ ತರುತ್ತೇವೆ, ಬಸ್ಸು ಹತ್ತುತ್ತೇವೆ, ಉಳಿದರೆ ಮನೆಯನ್ನು ಒಂದಿಷ್ಟು ತಂಪು ಮಾಡಿಕೊಳ್ಳುತ್ತೇವೆ. ಒಬ್ಬರು ಇನ್ನೊಬ್ಬರಿಗೆ ಕೊಡುವಾಗ ಅಂಗಿಯ ಗುಂಡಿಯಷ್ಟು ಸಣ್ಣ ಬಿಲ್ಲೆಯಲ್ಲಿ ತುಂಬಿ ಕೊಡುತ್ತಾರೆ. ಬಿಲ್ಲೆಯ ಮೇಲೆ ಏನೂ ಬರೆದಿರುವುದಿಲ್ಲ. ಮನೆಯ ಮೀಟರಿಗೆ ಒತ್ತಿದಾಗಲೇ ಒಳಗೆಷ್ಟಿದೆ ತಿಳಿಯುವುದು. ಹಗಲು ಯಾರೂ ಹೊರಗೆ ಬರುವುದಿಲ್ಲ. ನಸುಕಿನ ಎರಡು ತಾಸಿಗೆ ತಂಪುಹೊತ್ತು ಎನ್ನುತ್ತೇವೆ. ಸಂತೆ, ಕೂಲಿ, ಕಾಲೇಜಿನ ಆಟ ಎಲ್ಲವೂ ಆಗಲೇ ನಡೆಯಬೇಕು. ಬೇರೆ ಸಂತೋಷ ಕಡಿಮೆ ಇರುವ ಊರು ಆ ಆಟಕ್ಕಾಗಿಯೇ ಬದುಕಿದಂತೆ ಇರುತ್ತದೆ.

ನನ್ನ ಮಗಳು ಕಾಶವ್ವ ಕಾಲೇಜಿನ ಖೋ ಖೋ ತಂಡದಲ್ಲಿದ್ದಳು. ಕಂಬದ ಹತ್ತಿರ ಅವಳು ಮೈ ಚಾಚಿ ಹಾರಿದರೆ ಮುಂದೆ ಓಡುವವಳು ಉಳಿಯುತ್ತಿರಲಿಲ್ಲ. ಆಡುವ ಮಕ್ಕಳಿಗೆ ಕಾಲೇಜು ಏನೂ ಕೊಡುವುದಿಲ್ಲ. ಕೊಡುವುದು ಜೈಕಾರ ಬಳಗ, ಅಂದರೆ ಅಭಿಮಾನಿಗಳಿಂದ ಪಾಲು ಎತ್ತಿ ಆಟಗಾರರಿಗೆ ಹಂಚುವ ಮಂಡಳಿ. ಚಪ್ಪರದ ನಡುಗಂಬದ ಮೇಲೆ ಅವರದೊಂದು ಫಲಕವಿದೆ. ಜನ ಕೊಟ್ಟಂತೆಲ್ಲ ಅಂಕಿ ಏರುತ್ತದೆ, ಅಂಕಿ ಏರಿದಂತೆಲ್ಲ ಜನ ಕೂಗುತ್ತಾರೆ. ಎಷ್ಟು ಕೂಡಿತು ಎಂಬುದು ಊರಿಗೆಲ್ಲ ಕಾಣುತ್ತದೆ. ಯಾರಿಗೆ ಎಷ್ಟು ಹೋಯಿತು ಎಂದು ಹೇಳುವ ಫಲಕ ಎಲ್ಲಿಯೂ ಇಲ್ಲ.

ಹಂಚುವ ಕ್ರಮ ನಿಮಗೂ ಪರಿಚಯದ್ದೇ. ಆಟದ ಕಾಲ ಮುಗಿದ ಮೇಲೆ ಹುಡುಗಿಯರನ್ನು ಸಾಲಾಗಿ ಮಣೆಯ ಮೇಲೆ ಕೂರಿಸಿ ಉಡಿ ತುಂಬುತ್ತಾರೆ. ಆಟದ ಅಂಗಿಯ ಮೇಲೆ ಇಳಕಲ್ ಸೆರಗು ಹೊದಿಸಿ, ಐದು ಮಂದಿ ಮುತ್ತೈದೆಯರು ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣ ಕೊಂಬು, ಖಣ ಹಾಕುತ್ತಾರೆ. ಅವುಗಳ ಅಡಿಯಲ್ಲಿ ಬಿಲ್ಲೆ ಇರುತ್ತದೆ. ತುಂಬಿದ ಉಡಿಯನ್ನು ಮಂದಿಯ ಎದುರು ಬಿಚ್ಚಬಾರದು, ಬಂದದ್ದನ್ನು ನೆರೆಮನೆಗೂ ಹೇಳಬಾರದು, ದೃಷ್ಟಿಯಾಗುತ್ತದೆ. ಇದು ಅಜ್ಜಿಯಂದಿರ ಕಾಲದ ಪದ್ಧತಿ, ಒಳ್ಳೆಯ ಪದ್ಧತಿಯೇ. ಬಳಗದವರು ಅದರೊಳಗೆ ಪಗಾರ ಇಟ್ಟರು, ಅಷ್ಟೇ. ಹೀಗಾಗಿ ಒಂದೇ ತಂಡದಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಆಡುವ ಹುಡುಗಿಯರಿಗೂ ಪಕ್ಕದವಳ ಉಡಿ ಗೊತ್ತಿರುತ್ತಿರಲಿಲ್ಲ.

ಒಂದು ವರ್ಷ ಕಾಶಿ ಉಡಿ ತುಂಬಿಸಿಕೊಂಡು ಮನೆಗೆ ಬಂದು ಬಿಲ್ಲೆಯನ್ನು ಮೀಟರಿಗೆ ಒತ್ತಿದಾಗ ಅದು ಒಂದು ತಿಂಗಳ ಸಂತೆಗೆ ಸಾಲುವಷ್ಟೇ ಇತ್ತು. ನನ್ನ ಮುಖ ನೋಡಿ ನಕ್ಕಳು.

"ಅಕ್ಕಿ ಭರ್ತಿ ಬಂದೈತಿ ಬಿಡವ್ವಾ, ಹುಗ್ಗಿ ಮಾಡು. ಮುಂದಿನ ವರ್ಷ ಇನ್ನೂ ಛಲೋ ಆಡಿದ್ರ ಸಕ್ಕರಿನೂ ಹಾಕ್ತಾರ."

ಆ ಮುಂದಿನ ವರ್ಷ ಅವಳಿಗೆ ಕಾವುಜ್ವರ ಹಿಡಿಯಿತು. ತಂಪುಹೊತ್ತಿನಲ್ಲಿ ಆಟ ಮುಗಿಯದೆ ಬಿಸಿಲೇರಿದ ಮೇಲೂ ಆಡುವವರಿಗೆ ಬರುವ ಜ್ವರ ಅದು. ಆಸ್ಪತ್ರೆಯ ತಂಪುಕೋಣೆಯಲ್ಲಿ ಮಲಗಿಸಿದರೆ ಬಹಳ ಮಂದಿ ಉಳಿಯುತ್ತಾರೆ. ತಂಪುಕೋಣೆಗೆ ದಿನದಿನವೂ ಗಾಳಿಪಾಲು ಕಟ್ಟಬೇಕು. ಆಗದವರಿಗೆ ನಗರಸಭೆಯಲ್ಲಿ ಬಡವರ ಪಾಲು ಎಂದು ತೆಗೆದಿಟ್ಟಿರುತ್ತಾರೆ. ಕಾಶಿಯ ಅಪ್ಪನನ್ನು ಅವಳ ಹತ್ತಿರ ಬಿಟ್ಟು ಅಲ್ಲಿಗೆ ಹೋದೆ. ಕಿಟಕಿಯಲ್ಲಿದ್ದ ಹುಡುಗಿ ಒಳ್ಳೆಯವಳು, ಕುಳಿತುಕೊಳ್ಳಲು ಹೇಳಿ ನೀರು ಕೊಟ್ಟಳು.

"ನಿಮ್ಮ ಮಗಳು ಬಳಗದ ಆಟಗಾರ್ತಿ ಅಲ್ರಿ ಅಕ್ಕಾರ? ಅಷ್ಟೆಲ್ಲಾ ಕೂಡೈತಿ ಅಂತ ಅವರು ಫಲಕದ ಮ್ಯಾಲೆ ತೋರಿಸ್ಯಾರ. ನಾ ನಿಮ್ಮನ್ನ ಬಡವರು ಅಂತ ಹೆಂಗ ಬರಕೊಳ್ಳಲಿ?"

ನಮಗೆ ಬಂದದ್ದು ಇಷ್ಟೇ ಎಂದೆ.

"ನಾ ನಂಬ್ತೀನ್ರಿ. ಆದ್ರ ಅದನ್ನ ಅವರೇ ಹೇಳಬೇಕು."

ಬಳಗದ ಯಜಮಾನರು ಅಂದಾನೆಪ್ಪನವರು. ನನ್ನನ್ನು ಕಂಡು ಎದ್ದು ನಿಂತರು, ಕಾಶಿಯನ್ನು ನೆನೆದು ಕಣ್ಣಲ್ಲಿ ನೀರು ತಂದುಕೊಂಡರು. ಆ ನೀರು ಸುಳ್ಳಲ್ಲ.

"ಒಬ್ಬಾಕಿ ಉಡಿ ಲೆಕ್ಕಾ ಹೊರಗ ಹಾಕಿದ್ರ ಎಲ್ಲಾರದೂ ಹಾಕಬೇಕಾಗ್ತದ ತಂಗಿ. ಉಳಿದ ಹುಡುಗ್ಯಾರ ಮಾನ ಏನಾಗಬೇಕು? ಕೊಟ್ಟವರೂ ಗುಪ್ತದಾನ ಅಂತ ಕೊಟ್ಟಾರ. ಬೇಕಾದ್ರ ಕಾಶಿ ಹೆಸರಿಲೆ ಇನ್ನೊಂದು ಜೈಕಾರ ಎತ್ತೋಣು."

ಎತ್ತಿದರು. ಚಪ್ಪರವೆಲ್ಲ ನನ್ನ ಮಗಳ ಹೆಸರು ಕೂಗಿತು. ಫಲಕದ ಅಂಕಿ ನಾನು ಎಂದೂ ನೋಡದಷ್ಟು ಏರಿತು. ನಮ್ಮ ಮನೆಗೆ ಬಂದ ಬಿಲ್ಲೆ ತಂಪುಕೋಣೆಯನ್ನು ನಾಲ್ಕೈದು ದಿನ ನಡೆಸಿತು. ಮತ್ತೆ ನಗರಸಭೆಗೆ ಹೋದರೆ ಆ ಹುಡುಗಿ ನನ್ನ ಮುಖ ನೋಡಲಿಲ್ಲ. ಆ ಅಂಕಿಯನ್ನು ಅವಳೂ ನೋಡಿದ್ದಳು. ಕಾಶಿಯನ್ನು ಮನೆಗೆ ಕರೆತಂದೆವು. ಒದ್ದೆ ಬಟ್ಟೆ ಹೊದಿಸುತ್ತ ಕುಳಿತೆವು. ಅವಳು ಹೋದಳು.

ಬಳಗದವರು ತಿಂದರು ಎಂದು ನಾನು ಹೇಳಲಾರೆ. ತಿನ್ನಲಿಲ್ಲ ಎಂದೂ ಹೇಳಲಾರೆ. ಬೇರೆ ಹುಡುಗಿಯರಿಗೆ ಹೆಚ್ಚು ಕೊಟ್ಟಿರಬಹುದು. ನನ್ನ ಮಗಳ ಆಟವನ್ನು ತೂಗಿ ನೋಡಿ ಇಷ್ಟೇ ಎಂದು ಯಾರೋ ಅಂದಿರಬಹುದು. ಯಾವುದೂ ಗೊತ್ತಿಲ್ಲ. ಗೊತ್ತಿದ್ದರೆ ಒಬ್ಬರ ಮೇಲೆ ಸಿಟ್ಟು ಮಾಡಿಕೊಂಡು ಉಳಿದವರೊಂದಿಗೆ ಬದುಕಬಹುದಿತ್ತು. ತಂಡದ ಹುಡುಗಿಯರ ತಾಯಂದಿರನ್ನು ಕೇಳಿದೆ: ಎಲ್ಲರೂ ಒಟ್ಟಿಗೆ ಕುಳಿತು ಬಂದದ್ದನ್ನು ಹೇಳಿಕೊಳ್ಳೋಣ. ಒಬ್ಬರು, ಮಗಳನ್ನು ನೋಡಲು ಗಂಡಿನವರು ಬರುವವರಿದ್ದಾರೆ ಎಂದರು. ಒಬ್ಬರು ಚಹಾ ಕೊಟ್ಟು ಮಾತು ಬದಲಿಸಿದರು. ಶಂಕ್ರವ್ವ ಮಾತ್ರ ಬಾಗಿಲವರೆಗೆ ಬಂದು ಮೆಲ್ಲಗೆ ಹೇಳಿದಳು: "ಕಡಿಮಿ ಬಂದಿದ್ರ ನಮಗ ನಾಚಿಕಿ, ಹೆಚ್ಚ ಬಂದಿದ್ರ ನಿನ್ನ ಮುಂದ ನಾಚಿಕಿ. ಏನಂತ ಹೇಳಲವ್ವಾ?" ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ.

ನಿನ್ನೆ ಅಂದಾನೆಪ್ಪನವರು ಮನೆಗೆ ಬಂದಿದ್ದರು. ಕಾಶಿ ಹೋಗಿ ವರ್ಷ ತುಂಬಿತು, ಈ ಸಲ ಉಡಿ ತುಂಬುವ ಐವರಲ್ಲಿ ಮೊದಲನೆಯವಳು ನಾನಾಗಬೇಕು, ಅದು ಅವಳಿಗೆ ಸಲ್ಲುವ ಗೌರವ ಎಂದರು. ನಾಳೆ ತಂಪುಹೊತ್ತಿಗೆ ಹೋಗಬೇಕು. ಕಾಶಿಯ ಜಾಗದಲ್ಲಿ ಈಗ ಆಡುವವಳು ಶಂಕ್ರವ್ವನ ಮಗಳು ಫಕೀರಮ್ಮ. ನಾನು ಹೋಗದಿದ್ದರೆ ಸತ್ತವಳ ತಾಯಿ ಅವಳಿಗೆ ಶಾಪ ಹಾಕಿದಳು ಎಂದಾಗುತ್ತದೆ. ಹೋಗಿ, ಅಷ್ಟು ಮಂದಿಯ ಎದುರು ಬಿಲ್ಲೆ ಹಿಡಿದು ಇದರಲ್ಲಿ ಎಷ್ಟಿದೆ ಎಂದು ಕೇಳಿದರೆ ಮಣೆಯ ಮೇಲೆ ಕುಳಿತ ಹುಡುಗಿಗೇ ಅಮಂಗಳ. ಎರಡು ದಾರಿಯೂ ಅವಳ ಮೇಲೆಯೇ ಹೋಗುತ್ತವೆ. ನಾನು ಹೋಗಿ ತುಂಬುತ್ತೇನೆ. ಬೇರೆ ಏನು ಮಾಡಬೇಕೋ ನನಗೆ ತಿಳಿಯುತ್ತಿಲ್ಲ.

ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ಇಂಥ ಬಳಗಗಳು ನಿಮ್ಮ ಕಾಲದಲ್ಲಿ ಈಗಷ್ಟೇ ಹುಟ್ಟುತ್ತಿವೆ ಎಂದು ಶಾಲೆಯಲ್ಲಿ ಓದಿದ್ದೆ. ನಿಮ್ಮ ಕಾಲೇಜಿನಲ್ಲಿ ಯಾರಾದರೂ ಆಟಗಾರರ ಹೆಸರಿನಲ್ಲಿ ದುಡ್ಡು ಎತ್ತಲು ಬಂದರೆ ಕೊಡಿ, ಮಕ್ಕಳಿಗೆ ಅದು ಬೇಕು. ಆದರೆ ಮೊದಲ ದಿನವೇ ಕೇಳಿ: ಯಾರಿಗೆ ಎಷ್ಟು ಕೊಡುತ್ತೀರಿ, ಅದನ್ನು ಎಲ್ಲಿ ಬರೆದು ಹಾಕುತ್ತೀರಿ. ನಿಮ್ಮ ಕಾಲದಲ್ಲಿ ಅದು ಬರೀ ಒಂದು ಪ್ರಶ್ನೆ. ನಮ್ಮ ಕಾಲಕ್ಕೆ ಅದು ಅಪಶಕುನವಾಗಿದೆ.

ಕಾಶಿಗಾಗಿ ಕೇಳಬೇಡಿ, ಅವಳಿಗೆ ಇನ್ನೇನೂ ಬೇಡ. ಫಕೀರಮ್ಮನಿಗೆ ಹತ್ತೊಂಬತ್ತು ವರ್ಷ. ನಿನ್ನೆ ಆಟದ ಕೊನೆಗೆ ಕಂಬ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದಳು. ಮೈ ಮುಟ್ಟಿ ನೋಡಿದೆ, ಸುಡುತ್ತಿತ್ತು. "ಬಿಸಿಲಿಗೆ ಆಗೇತಿ, ಅತ್ತೀ" ಎಂದಳು.